ನೀರಿನ ಜೊತೆ ನಡೆದು ನೋಡಿ ಶ್ರೀರಂಗಪಟ್ಟಣ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಎರಡು ಸಲ ದಾಟುತ್ತದೆ. ಮೊದಲು ಉತ್ತರದ ಕವಲು, ಕೆಲವೇ ನಿಮಿಷಗಳಲ್ಲಿ ದಕ್ಷಿಣದ ಕವಲು. ಇವೆರಡರ ನಡುವೆ ಕೋಟೆ, ದೇವಸ್ಥಾನ, ಮಸೀದಿ, ಪೇಟೆ, ತೋಟ ಎಲ್ಲವನ್ನೂ ಹೊತ್ತು ನಿಂತಿರುವುದು ಒಂದು ದ್ವೀಪ. ಉದ್ದ ಸುಮಾರು ಐದು ಕಿಲೋಮೀಟರ್, ಅಗಲ ಒಂದೂವರೆ ಕಿಲೋಮೀಟರ್. ಆ ರೈಲಿನಲ್ಲಿ ಕೂತ ಎಷ್ಟೋ ಜನರಿಗೆ ತಾವೊಂದು ದ್ವೀಪ ದಾಟಿದೆವು ಎಂಬುದೇ ತಿಳಿಯುವುದಿಲ್ಲ.

ಕಾರಿನಲ್ಲಿ ಬರುವವರ ಕತೆಯೂ ಹೀಗೆಯೇ. ಮೈಸೂರಿಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ಬಿಡುವು ಮಾಡಿಕೊಂಡು ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್ ಮುಗಿಸಿ ಹೊರಟುಬಿಡುತ್ತಾರೆ. ಮೂರೂ ನೋಡಲೇಬೇಕಾದ ಜಾಗಗಳೇ. ಆದರೆ ಇಲ್ಲಿ ದೇವಸ್ಥಾನ ಯಾಕಿದೆ, ಕೋಟೆ ಯಾಕೆ ಕಟ್ಟಿದರು, ಆ ಕೋಟೆ ಬಿದ್ದದ್ದು ಹೇಗೆ ಎಂಬ ಎಲ್ಲ ಪ್ರಶ್ನೆಗೂ ಉತ್ತರ ಹೊಳೆಯಲ್ಲಿದೆ. ಹೊಳೆಯನ್ನು ಬಿಟ್ಟು ಪಟ್ಟಣವನ್ನು ನೋಡಿದರೆ ಬಿಡಿ ಬಿಡಿ ಕಟ್ಟಡಗಳನ್ನು ನೋಡಿದಂತಾಗುತ್ತದೆ. ಅದಕ್ಕೇ ಈ ಲೇಖನ ಎರಡು ದಿನದ ಒಂದು ಕ್ರಮವನ್ನು ಸೂಚಿಸುತ್ತದೆ: ಮೊದಲ ದಿನ ನೀರು ಹರಿಯುವ ದಿಕ್ಕಿನಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ದ್ವೀಪದ ಉದ್ದಕ್ಕೂ; ಎರಡನೆಯ ದಿನ ನೀರಿಗೆ ಎದುರಾಗಿ, ಪಾಲಹಳ್ಳಿಯ ಕಡೆಗೆ.

ಗ್ರೀಸ್‌ಗೆ ಹೋಗುವ ಆಸೆ ಇದ್ದವರಿಗೆ

ಹಳೆಯ ಕಲ್ಲು, ಪಕ್ಕದಲ್ಲೇ ನೀರು, ದಡದಲ್ಲಿ ಕೂರಲು ಜಾಗ. ಜಗತ್ತಿನ ಪ್ರವಾಸಿಗರು ಗ್ರೀಸ್‌ನ ದ್ವೀಪಗಳಿಗೆ ಹೋಗುವುದು ಇದಕ್ಕಾಗಿಯೇ. ಅಪೊಲೊ ದೇವತೆ ಹುಟ್ಟಿದ ಸ್ಥಳವೆಂದು ಗ್ರೀಕರು ನಂಬಿದ್ದ ಡೆಲೋಸ್‌ಗೆ ಪಕ್ಕದ ಮೈಕೊನೊಸ್ ದ್ವೀಪದಿಂದ ದೋಣಿಯಲ್ಲಿ ಹೋಗಬೇಕು. ರಾತ್ರಿ ಅಲ್ಲಿ ತಂಗಲು ಪ್ರವಾಸಿಗರಿಗೆ ಅನುಮತಿ ಇಲ್ಲ. ಅದು ಇಡಿಯಾಗಿ ಒಂದು ಪ್ರಾಚೀನ ಅವಶೇಷ. ರೋಡ್ಸ್ ದ್ವೀಪದ ಕೋಟೆಯೊಳಗೆ ಮಾತ್ರ ಇಂದಿಗೂ ಜನ ಬದುಕುತ್ತಿದ್ದಾರೆ. ಆ ಹಳೆಯ ನಗರ 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮ ಶ್ರೀರಂಗಪಟ್ಟಣ ರೋಡ್ಸ್‌ನ ಜಾತಿಗೆ ಸೇರಿದ್ದು. ಇಲ್ಲಿ ಕೋಟೆಯೊಳಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಸಂತೆಗೆ ಹೋಗುವ ಹೆಂಗಸರಿದ್ದಾರೆ, ಪೂಜೆಯೂ ನಮಾಜೂ ನಿಂತಿಲ್ಲ. ಈ ದ್ವೀಪ ಪಟ್ಟಣದ ಸ್ಮಾರಕಗಳನ್ನು 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಗಿದೆ. ಮುಖ್ಯ ಪಟ್ಟಿಗೆ ಏರುವುದು ಇನ್ನೂ ಬಾಕಿ. ಪಾಸ್‌ಪೋರ್ಟ್, ವೀಸಾ, ವಿಮಾನದ ಖರ್ಚು ಯಾವುದೂ ಇಲ್ಲದೆ ಒಂದು ಬಸ್ ಟಿಕೆಟ್‌ನಲ್ಲಿ ನೋಡಬಹುದಾದ ದ್ವೀಪವಿದು. ನಮ್ಮದೇ ನಾಡಿನದು ಎಂಬ ಕಾರಣಕ್ಕೆ ಇದಕ್ಕೆ ಕಡಿಮೆ ಸಮಯ ಕೊಡಬೇಡಿ.

ಹೋಗುವುದು ಹೇಗೆ, ಯಾವಾಗ

ಮೈಸೂರಿನಿಂದ ಸುಮಾರು 15 ಕಿ.ಮೀ., ಬೆಂಗಳೂರಿನಿಂದ ಸುಮಾರು 125 ಕಿ.ಮೀ. ಮೈಸೂರಿನಿಂದ ನಗರ ಸಾರಿಗೆ ಬಸ್ಸುಗಳು ಆಗಾಗ ಇವೆ. ರೈಲ್ವೆ ನಿಲ್ದಾಣ ಕೋಟೆಯ ಪ್ರದೇಶದೊಳಗೇ ಇದೆ. ಪ್ಯಾಸೆಂಜರ್ ರೈಲುಗಳೂ ಕೆಲವು ಎಕ್ಸ್‌ಪ್ರೆಸ್‌ಗಳೂ ನಿಲ್ಲುತ್ತವೆ. ಇಳಿದು ನಡೆದೇ ದೇವಸ್ಥಾನ ತಲುಪಬಹುದು. ಕಾರಿನವರು ಎಕ್ಸ್‌ಪ್ರೆಸ್‌ವೇಯಲ್ಲೇ ಉಳಿದರೆ ಬೈಪಾಸ್ ನಿಮ್ಮನ್ನು ಪಟ್ಟಣದ ಆಚೆಗೆ ಒಯ್ಯುತ್ತದೆ. ಮೊದಲೇ ಹಳೆಯ ರಸ್ತೆಗೆ ಇಳಿಯಬೇಕು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹಿತವಾದ ಕಾಲ. ಬಿಸಿಲು ಕಡಿಮೆ, ಹೊಳೆಯಲ್ಲಿ ನೀರಿರುತ್ತದೆ, ಗದ್ದೆಗಳು ಹಸಿರಾಗಿರುತ್ತವೆ. ಮಾರ್ಚ್‌ನಿಂದ ಮೇವರೆಗೆ ನೀರು ಇಳಿದು ಬಂಡೆಗಳು ತಲೆಯೆತ್ತುತ್ತವೆ. ಕೋಟೆಯನ್ನು ಬೆಳಗ್ಗೆ ಹತ್ತರೊಳಗೆ ಸುತ್ತದಿದ್ದರೆ ಬಿಸಿಲಿನ ಕಾಟ. ಜುಲೈ, ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮಳೆ ಜೋರಾದರೆ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿ ನೀರು ಹೊರಬಿಡುತ್ತಾರೆ. ಆಗಿನ ಕಾವೇರಿಯ ಗಾಂಭೀರ್ಯ ನೋಡುವಂಥದ್ದು. ಆದರೆ ಸ್ನಾನಘಟ್ಟಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ದೂರದಿಂದ ನೋಡುವ ಮನಸ್ಸಿದ್ದವರು ಮಾತ್ರ ಆಗ ಹೊರಡಬೇಕು.

ಹಬ್ಬದ ದಿನಗಳ ಲೆಕ್ಕವೂ ಇರಲಿ. ಮಕರ ಸಂಕ್ರಾಂತಿ, ರಥಸಪ್ತಮಿ ಮತ್ತು ವೈಕುಂಠ ಏಕಾದಶಿಯಂದು ರಂಗನಾಥನ ಸನ್ನಿಧಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ನಿಮಿಷಾಂಬ ದೇವಸ್ಥಾನದಲ್ಲಿ ಉದ್ದನೆಯ ಸಾಲು. ಉತ್ಸವವನ್ನೇ ನೋಡಲು ಬರುವವರಿಗೆ ಇವು ಒಳ್ಳೆಯ ದಿನಗಳು. ಕಲ್ಲಿನ ಕೆಲಸವನ್ನು ನಿಧಾನವಾಗಿ ನೋಡಬೇಕೆನ್ನುವವರು ವಾರದ ಮಧ್ಯದ ದಿನ ಆರಿಸಿಕೊಳ್ಳಲಿ.

ಮೊದಲ ದಿನ ಬೆಳಗ್ಗೆ: ಪಶ್ಚಿಮವಾಹಿನಿಯಿಂದ ರಂಗನಾಥನವರೆಗೆ

ದಕ್ಷಿಣದ ಕವಲು ಒಂದು ಕಡೆ ತಿರುಗಿ ಸ್ವಲ್ಪ ದೂರ ಪಶ್ಚಿಮಕ್ಕೆ ಹರಿಯುತ್ತದೆ. ಪೂರ್ವದ ಸಮುದ್ರಕ್ಕೆ ಹೊರಟ ನದಿ ಹೀಗೆ ಹಿಂದಿರುಗಿ ನೋಡುವ ಜಾಗವನ್ನು ಜನ ಪವಿತ್ರವೆಂದು ನಂಬಿದರು. ಅದೇ ಪಶ್ಚಿಮವಾಹಿನಿ. ತೀರಿಹೋದವರ ಅಸ್ಥಿ ಬಿಡಲು ಮೈಸೂರು, ಮಂಡ್ಯ ಸೀಮೆಯ ಮನೆಗಳವರು ಬರುವುದು ಇಲ್ಲಿಗೇ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಇಲ್ಲೂ ವಿಸರ್ಜಿಸಿದರು. ದುಃಖದಲ್ಲಿರುವ ಕುಟುಂಬಗಳು ಇಲ್ಲಿ ಸದಾ ಇರುತ್ತವೆ. ಆದ್ದರಿಂದ ಮೊಬೈಲ್ ಒಳಗಿಟ್ಟು, ಮೆಟ್ಟಿಲ ಒಂದು ಪಕ್ಕದಲ್ಲಿ ನಿಂತು ನೋಡಿ ಬನ್ನಿ.

ಅಲ್ಲಿಂದ ಕೋಟೆಗೆ. ದ್ವೀಪದ ಪಶ್ಚಿಮ ತುದಿಯಲ್ಲಿ, ಕವಲೊಡೆದ ನೀರಿಗೆ ಎದೆಯೊಡ್ಡಿ ಕಟ್ಟಿದ ಕೋಟೆ ಇದು. ಗೌತಮ ಋಷಿಗಳು ಇಲ್ಲಿ ತಪಸ್ಸು ಮಾಡಿದರೆಂದು ಸ್ಥಳಪುರಾಣ ಹೇಳುತ್ತದೆ. ರಂಗನಾಥನ ಗುಡಿಯನ್ನು ಗಂಗರ ಕಾಲದಲ್ಲಿ, ಕ್ರಿ.ಶ. 894ರಲ್ಲಿ ತಿರುಮಲಯ್ಯ ಎಂಬ ಸಾಮಂತ ಕಟ್ಟಿಸಿದನೆಂಬುದು ಹಿಂದಿನಿಂದ ಬಂದ ಮಾತು. ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು ಒಬ್ಬರಾದ ಮೇಲೊಬ್ಬರು ಅದನ್ನು ಬೆಳೆಸಿದರು. ಆದಿರಂಗ ಇಲ್ಲಿ, ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ಗಮನಿಸಿ, ಮೂರೂ ಕಾವೇರಿಯ ನಡುಗಡ್ಡೆಗಳು. ನೀರಿನ ನಡುವೆ ಮಲಗಿದ ದೇವರಿಗೆ ನದಿಯೇ ಕ್ಷೀರಸಾಗರವಾಯಿತು.

ದೇವಸ್ಥಾನಕ್ಕೆ ಬೆಳಗ್ಗೆಯೇ ಹೋಗಿ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ಮತ್ತೆ ತೆರೆಯುತ್ತಾರೆ. ಗರ್ಭಗುಡಿಯಲ್ಲಿ ಏಳು ಹೆಡೆಯ ಆದಿಶೇಷನ ಮೇಲೆ ಮಲಗಿದ ದೊಡ್ಡ ಮೂರ್ತಿಗೆ ಕೈಮುಗಿದ ಮೇಲೆ ಒಳಪ್ರಾಕಾರದಲ್ಲಿ ಅವಸರ ಮಾಡಬೇಡಿ. ಒಂದೊಂದು ಕಾಲದವರು ನಿಲ್ಲಿಸಿದ ಕಂಬ ಒಂದೊಂದು ಬಗೆಯದು. ಅದನ್ನು ಹೋಲಿಸಿ ನೋಡುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಅಲ್ಲೇ ಹತ್ತಿರ ನರಸಿಂಹಸ್ವಾಮಿ ಮತ್ತು ಗಂಗಾಧರೇಶ್ವರ ದೇವಸ್ಥಾನಗಳಿವೆ. ಜನ ಕಡಿಮೆ. ನರಸಿಂಹ ದೇವಸ್ಥಾನ ಕಟ್ಟಿಸಿದವರು ರಣಧೀರ ಕಂಠೀರವ ನರಸರಾಜ ಒಡೆಯರು; ಅವರದೇ ಕೈಮುಗಿದು ನಿಂತ ಮೂರ್ತಿ ಅಲ್ಲಿದೆ. ಆ ಮುಖ ನೆನಪಿಟ್ಟುಕೊಳ್ಳಿ. ನಾಳೆ ರಂಗನತಿಟ್ಟು ಪಕ್ಷಿಧಾಮದಲ್ಲಿ ಅವರ ಇನ್ನೊಂದು ಕೆಲಸ ಸಿಗುತ್ತದೆ.

ಕೋಟೆಯನ್ನು ಓದುವ ಬಗೆ

1454ರಲ್ಲಿ ನಾಗಮಂಗಲದ ತಿಮ್ಮಣ್ಣ ಹೆಬ್ಬಾರುವ ವಿಜಯನಗರದ ಅರಸರ ಅಪ್ಪಣೆ ಪಡೆದು ಇಲ್ಲಿ ಮೊದಲ ಕೋಟೆ ಕಟ್ಟಿಸಿದ. ಮುಂದೆ ಇದು ವಿಜಯನಗರದ ಪ್ರತಿನಿಧಿಯ ನೆಲೆಯಾಯಿತು. 1610ರಲ್ಲಿ ರಾಜ ಒಡೆಯರು ತಿರುಮಲರಾಯನಿಂದ ಪಟ್ಟಣವನ್ನು ಪಡೆದು ರಾಜಧಾನಿ ಮಾಡಿಕೊಂಡರು. ಮೈಸೂರು ದಸರಾ ಎಂದು ನಾವೀಗ ಕರೆಯುವ ಹಬ್ಬ ಶುರುವಾದದ್ದು ಆ ವರ್ಷ, ಇದೇ ದ್ವೀಪದಲ್ಲಿ. ಈಗಲೂ ಮೈಸೂರಿನ ಜಂಬೂಸವಾರಿಗೆ ಮುನ್ನ ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುತ್ತದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನ್ ಕಾಲದಲ್ಲಿ ಗೋಡೆಗಳೂ ಕಂದಕಗಳೂ ದುಪ್ಪಟ್ಟಾದವು.

ಕೋಟೆಯ ನಿಜವಾದ ಬಲ ಮಾತ್ರ ಹೊಳೆಯದೇ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಕಾದಾಡಿ ಗೆದ್ದರೂ ಪಟ್ಟಣವನ್ನು ಮುಟ್ಟಲಾಗಲಿಲ್ಲ. ಮಳೆ ಶುರುವಾಗಿತ್ತು, ಸೈನ್ಯಕ್ಕೆ ದವಸವಿರಲಿಲ್ಲ, ಎತ್ತುಗಳು ಸತ್ತಿದ್ದವು. ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. 1792ರ ಫೆಬ್ರುವರಿಯಲ್ಲಿ, ಒಣ ಕಾಲ ನೋಡಿಕೊಂಡು ಮತ್ತೆ ಬಂದ, ಮಾರ್ಚ್‌ನಲ್ಲಿ ಟಿಪ್ಪುವಿನ ಜೊತೆ ಒಪ್ಪಂದವಾಯಿತು. 1799ರಲ್ಲಿ ಜನರಲ್ ಹ್ಯಾರಿಸ್‌ಗೂ ಅದೇ ಆತಂಕ. ಹೊಳೆ ತುಂಬುವ ಮೊದಲು ಕೆಲಸ ಮುಗಿಯಬೇಕಿತ್ತು. ಮೇ 4ರ ಮಧ್ಯಾಹ್ನ, ನೀರು ತೀರ ಇಳಿದಿದ್ದಾಗ, ಬಂಡೆಗಳ ಮೇಲೆ ಹಾಯ್ದು ಸೈನ್ಯ ಕೋಟೆಯ ಬಿರುಕಿಗೆ ಏರಿತು. ಮುಂದೆ ನಿಂತು ನಡೆಸಿದ ಡೇವಿಡ್ ಬೈರ್ಡ್ ಒಂದು ಕಾಲದಲ್ಲಿ ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಆ ದಿನ ಟಿಪ್ಪು ಹೋರಾಡುತ್ತಲೇ ಮಡಿದ.

ಇದನ್ನು ಮನಸ್ಸಿನಲ್ಲಿಟ್ಟು ಕೋಟೆಯ ಪಶ್ಚಿಮದ ಗೋಡೆಯ ಬಳಿ ಹೋಗಿ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಸ್ತಂಭ ಅಲ್ಲಿದೆ. ಅಲ್ಲಿಂದ ಕೆಳಗಿನ ಹೊಳೆಯನ್ನು ನೋಡಿದರೆ ನದಿಯ ಅಗಲ, ಬಂಡೆಗಳ ಸಾಲು, ಎದುರು ದಂಡೆ ಎಲ್ಲ ಒಂದೇ ನೋಟಕ್ಕೆ ಸಿಕ್ಕು, ಆ ಯುದ್ಧ ಹೇಗೆ ನಡೆದಿರಬಹುದೆಂದು ತಾನಾಗಿ ಅರ್ಥವಾಗುತ್ತದೆ.

ಆಮೇಲೆ ಉತ್ತರದ ಗೋಡೆಯ ಗುಂಟ ನಡೆಯಿರಿ. ಹೊಳೆಗೆ ಇಳಿಯುವ ನೀರುಬಾಗಿಲು, ಟಿಪ್ಪುವಿನ ದೇಹ ಸಿಕ್ಕ ಸ್ಥಳದ ಗುರುತುಕಲ್ಲು, ಕರ್ನಲ್ ಬೇಲಿಯ ಸೆರೆಮನೆ ಈ ದಾರಿಯಲ್ಲೇ ಸಿಗುತ್ತವೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಮೈಸೂರು ಸೈನ್ಯಕ್ಕೆ ಸಿಕ್ಕಿಬಿದ್ದ ಬ್ರಿಟಿಷ್ ಅಧಿಕಾರಿ ಬೇಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಕಮಾನು ಚಾವಣಿಯ ಆ ನೆಲಮಾಳಿಗೆಯಲ್ಲಿ ಕೈದಿಗಳನ್ನು ಕಟ್ಟಲು ಗೋಡೆಗೆ ಹೂಡಿದ ಕಲ್ಲುಗಳು ಇನ್ನೂ ಇವೆ. ರಂಗನಾಥನ ಗುಡಿಗೆ ಹತ್ತಿರದಲ್ಲಿ ಲಾಲ್ ಮಹಲ್ ಅರಮನೆಯ ಅಡಿಪಾಯ ಉಳಿದಿದೆ. ಪಟ್ಟಣದ ಟಿಪ್ಪು ಅರಮನೆಯೊಂದರ ತೇಗದ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಹೋದವು.

ಇಲ್ಲಿನವರು ಮದ್ದಿನಮನೆ ಎನ್ನುವ ಶಸ್ತ್ರಾಗಾರಗಳನ್ನು ತಪ್ಪಿಸಬೇಡಿ. ರೈಲ್ವೆ ಜೋಡಿಮಾರ್ಗಕ್ಕೆ ಅಡ್ಡವಾದ ಒಂದು ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಬುಡಸಮೇತ ಎತ್ತಿ, ಸುಮಾರು ನೂರು ಮೀಟರ್ ಆಚೆಗೆ ಜರುಗಿಸಿ ಕೂರಿಸಿದರು. ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಮಾಡಬಹುದು ಎಂಬುದಕ್ಕೆ ನಮ್ಮಲ್ಲೇ ಇರುವ ಸಾಕ್ಷಿ ಅದು. ಮಕ್ಕಳಿಗೆ ಖಂಡಿತ ತೋರಿಸಿ.

ಬೆಳಗಿನ ಸುತ್ತು ಮುಗಿಯುವುದು ಪೂರ್ವದ ಬಾಗಿಲ ಬಳಿಯ ಜಾಮಿಯಾ ಮಸೀದಿಯಲ್ಲಿ. 1787ರ ಹೊತ್ತಿಗೆ ಟಿಪ್ಪು ಕಟ್ಟಿಸಿದ ಈ ಮಸೀದಿಯ ಎರಡು ಮಿನಾರುಗಳು ದೂರದಿಂದಲೇ ಪಟ್ಟಣದ ಗುರುತು. ನಮಾಜಿನ ಹೊತ್ತು ಬಿಟ್ಟು, ಚಪ್ಪಲಿ ಕಳಚಿ, ಅನುಮತಿ ಕೇಳಿ ಒಳಗೆ ಹೋಗಿ.

ಮಧ್ಯಾಹ್ನದಿಂದ ಸಂಜೆ: ದರಿಯಾ ದೌಲತ್, ಗಂಜಾಂ, ಸಂಗಮ

ಊಟ ಮುಗಿಸಿ ಕೋಟೆಯಿಂದ ಪೂರ್ವಕ್ಕೆ ಬಂದರೆ ದರಿಯಾ ದೌಲತ್ ಬಾಗ್. 1784ರಲ್ಲಿ ತೋಟದ ನಡುವೆ ಕಟ್ಟಿದ ಬೇಸಿಗೆ ಅರಮನೆ, ಹೆಚ್ಚೂಕಡಿಮೆ ಇಡೀ ಕಟ್ಟಡ ತೇಗದ ಮರದ್ದು. ಮಧ್ಯಾಹ್ನದ ಸೆಕೆಯಲ್ಲೂ ಒಳಗೆ ತಂಪು. ಹೊರಗಿನ ಬಿಸಿಲು ತಡೆಯಲು ಸುತ್ತ ಅಗಲವಾದ ಪಡಸಾಲೆ, ಅದರ ಹೊರಗೆ ಪರದೆ. ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ. ಬೆಳಗ್ಗೆ ನೋಡಿದ ಸೆರೆಮನೆಯ ಬೇಲಿ ಇಲ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಹುಡುಕಿ ನೋಡಿ. ಕೋಟೆ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು, ಇಲ್ಲಿ ವಾಸವಿದ್ದ. ಮಾಸಿಹೋಗಿದ್ದ ಚಿತ್ರಗಳನ್ನು 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಗೋಡೆ ಮುಟ್ಟಬೇಡಿ, ಫ್ಲಾಶ್ ಹಾಕಬೇಡಿ. ಬಣ್ಣ ಮತ್ತೆ ಮಾಸಿದರೆ ಇನ್ನೊಮ್ಮೆ ಬರೆಯುವವರು ಸಿಗುವುದು ಸುಲಭವಲ್ಲ. ಇಲ್ಲಿ ಪುರಾತತ್ವ ಇಲಾಖೆಯ ಟಿಕೆಟ್ ಇದೆ. ವಸ್ತುಸಂಗ್ರಹಾಲಯದ ವಾರದ ರಜೆ ಯಾವತ್ತು ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಮುಂದೆ ಗಂಜಾಂ. ಟಿಪ್ಪು ಶಿರಾದಿಂದ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದ ಪೇಟೆ ಇದು; ಇಲ್ಲಿನ ಅಂಜೂರ ಹಿಂದೆ ಹೆಸರುವಾಸಿಯಾಗಿತ್ತು. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1799ರ ನಂತರ ಇಲ್ಲಿ ನೆಲೆಸಿ ಚರ್ಚು ಕಟ್ಟಿಸಿದ. ಸಿಡುಬಿನ ವಿರುದ್ಧ ಮೈಸೂರು ಸೀಮೆಯಲ್ಲಿ ಲಸಿಕೆ ಹಾಕಿಸಲು ದುಡಿದವರಲ್ಲಿ ಅವನೂ ಒಬ್ಬ. ಹೊಳೆದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಆ ಕಾಲದ ಸೈನಿಕರ ಗೋರಿಗಳಿವೆ. ಸ್ವಿಸ್ ಮೂಲದ ಡಿ ಮ್ಯೂರನ್ ಪಡೆಯವರೂ ಅವರ ಹೆಂಡಿರು ಮಕ್ಕಳೂ ಅಲ್ಲಿ ಮಲಗಿದ್ದಾರೆ. ಅನೇಕರನ್ನು ಕೊಂದದ್ದು ಜ್ವರ. ಜ್ವರದ ಕಾಟ ತಾಳಲಾರದೆ ಬ್ರಿಟಿಷರು 1809ರ ಹೊತ್ತಿಗೆ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡುಪ್ರದೇಶದ ಹುಟ್ಟಿನ ಹಿಂದೆ ಈ ದ್ವೀಪವೂ ಇದೆ.

ಗಂಜಾಂನ ಹೊಳೆದಂಡೆಯಲ್ಲಿ ನಿಮಿಷಾಂಬ ದೇವಸ್ಥಾನ. ಮೆಟ್ಟಿಲಿಳಿದು ಪಾದ ತೊಳೆದು ದರ್ಶನ ಮಾಡುವುದು ವಾಡಿಕೆ. ಅಲ್ಲಿಂದ ಗುಂಬಜ್. ತಂದೆ ಹೈದರಾಲಿಗಾಗಿ ಟಿಪ್ಪು ಕಟ್ಟಿಸಿದ ಸಮಾಧಿ, 1784ರ ಹೊತ್ತಿಗೆ ಮುಗಿಯಿತು. ನುಣುಪಾಗಿ ಉಜ್ಜಿದ 36 ಕರಿಗಲ್ಲ ಕಂಬಗಳು ಸುತ್ತ ನಿಂತಿವೆ. ಒಳಗೆ ತಂದೆ, ತಾಯಿ, ಮಗ ಮೂವರೂ ಒಟ್ಟಿಗಿದ್ದಾರೆ. ಗೋಡೆಯ ಮೇಲೆ ಹುಲಿಪಟ್ಟೆಯ ಬಣ್ಣ.

ದಿನದ ಕೊನೆಗೆ ಸಂಗಮ. ಬೆಳಗ್ಗೆ ಕವಲೊಡೆದ ನೀರು ಇಲ್ಲಿ ಮತ್ತೆ ಒಂದಾಗುತ್ತದೆ. ಲೋಕಪಾವನಿಯೂ ಇಲ್ಲಿಗೆ ಸಮೀಪದಲ್ಲೇ ಕಾವೇರಿಯನ್ನು ಸೇರುತ್ತದೆ. ಸಂಜೆ ದಡದಲ್ಲಿ ಕೂರಲು, ಅಂಬಿಗರೊಂದಿಗೆ ಹರಿಗೋಲಿನಲ್ಲಿ ಒಂದು ಸುತ್ತು ಹೋಗಲು ಇದು ತಕ್ಕ ಜಾಗ. ಇನ್ನೂ ಹೊತ್ತಿದ್ದರೆ, ವಾಹನವಿದ್ದರೆ, ಹೊಳೆಯಾಚೆಯ ಕರಿಘಟ್ಟಕ್ಕೆ ಹೋಗಿ. ವೆಂಕಟರಮಣಸ್ವಾಮಿಯ ಬೆಟ್ಟ. ಮೆಟ್ಟಿಲೂ ಇದೆ, ಮೇಲಿನವರೆಗೆ ರಸ್ತೆಯೂ ಇದೆ. ಅಲ್ಲಿಂದ ನೋಡಿದಾಗಲೇ ಇಡೀ ದ್ವೀಪದ ಆಕಾರ ಕಣ್ಣಿಗೆ ಬೀಳುವುದು.

ಎರಡನೆಯ ದಿನ: ಪಾಲಹಳ್ಳಿಯ ಕಡೆಗೆ

ಪಟ್ಟಣದಿಂದ ಕೆಆರ್‌ಎಸ್ ರಸ್ತೆ ಹಿಡಿದು ನಾಲ್ಕೈದು ಕಿ.ಮೀ. ಹೋದರೆ ಪಾಲಹಳ್ಳಿ. ಕಾವೇರಿಯ ಬಲದಂಡೆಯ ಊರು. ನಾಲೆ ನೀರಿನ ಗದ್ದೆ, ಕಬ್ಬು, ತೆಂಗಿನ ಸೀಮೆ. 1847ರಲ್ಲಿ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರು ತಯಾರಿಸಿದ ಬೆಲ್ಲವನ್ನು ಶುದ್ಧಮಾಡಿ ಸಕ್ಕರೆ ಮಾಡುತ್ತಿದ್ದರು. ಆ ಸಕ್ಕರೆಗೆ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಹುಮಾನ ಬಂತು. ಮಂಡ್ಯ ಸಕ್ಕರೆ ನಾಡಾಗುವುದಕ್ಕೆ ಎಂಬತ್ತು ವರ್ಷ ಮೊದಲಿನ ಮಾತಿದು. ಈಗಲೂ ಈ ಸೀಮೆಯಲ್ಲಿ ಆಲೆಮನೆಗಳಿವೆ. ಹೊಗೆ ಕಂಡಲ್ಲಿ ನಿಲ್ಲಿಸಿ ಕೇಳಿದರೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ತೋರಿಸುತ್ತಾರೆ. ಬಿಸಿ ಬೆಲ್ಲ ಕೊಂಡು ತನ್ನಿ. ಬೆಳೆದವರ ಕೈಗೇ ಹಣ ಸೇರುತ್ತದೆ.

ಆದರೆ ದಿನ ಶುರುವಾಗಬೇಕಾದ್ದು ಪಾಲಹಳ್ಳಿಗೆ ಸ್ವಲ್ಪ ಮೊದಲೇ ಸಿಗುವ ರಂಗನತಿಟ್ಟಿನಲ್ಲಿ, ಬಾಗಿಲು ತೆರೆದ ಕೂಡಲೇ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಹೊಳೆಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ಕಟ್ಟೆಯ ಹಿಂದೆ ನೀರು ನಿಂತು, ಎತ್ತರದ ಜಾಗಗಳು ಸಣ್ಣ ಸಣ್ಣ ತಿಟ್ಟುಗಳಾಗಿ ಉಳಿದವು. ನೀರು ಸುತ್ತುವರಿದ ಮರ ಹಕ್ಕಿಗೆ ಕ್ಷೇಮ. ಬೆಕ್ಕು, ನರಿ ಹತ್ತಲಾರವು. ಹೊಲಕ್ಕೆ ನೀರು ಕೊಡಲು ಮಾಡಿದ ಕೆಲಸ ಹೀಗೆ ಸಾವಿರಾರು ಹಕ್ಕಿಗಳ ಬಾಣಂತಿಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿ ಇದನ್ನು ಗುರುತಿಸಿ ಒತ್ತಾಯಿಸಿದ್ದರಿಂದ ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು.

ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕಿನ ಹಕ್ಕಿ, ನೀರುಕಾಗೆಗಳ ಗೂಡುಗಳು ಮರ ತುಂಬಿರುತ್ತವೆ. ದೋಣಿಯಲ್ಲಿ ಹೋಗುವಾಗ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳೂ ಕಾಣುತ್ತವೆ. ಕಿರುಚಬೇಡಿ, ಕಡುಬಣ್ಣದ ಬಟ್ಟೆ ಬೇಡ, ಒಂದು ದುರ್ಬೀನು ಇದ್ದರೆ ಒಳ್ಳೆಯದು. ದೋಣಿ ನಡೆಸುವವರಿಗೆ ಹಕ್ಕಿಗಳ ಹೆಸರು, ಗೂಡಿನ ಕಾಲ ಬಾಯಿಪಾಠ. ಅವರನ್ನು ಕೇಳಿ ತಿಳಿದುಕೊಳ್ಳಿ.

ಪಾಲಹಳ್ಳಿ ದಾಟಿ ಬೆಳಗೊಳದ ಕಡೆ ಮುಂದುವರಿದು ಬಲಕ್ಕೆ ಹೊರಳಿದರೆ ಬಲಮುರಿ, ಅದರ ಹತ್ತಿರವೇ ಎಡಮುರಿ. ಜನ ಜಲಪಾತ ಎನ್ನುತ್ತಾರೆ. ವಾಸ್ತವವಾಗಿ ಇದು ನಾಲೆಗೆ ನೀರು ತಿರುಗಿಸಲು ಹೊಳೆಯ ಅಗಲಕ್ಕೂ ಕಟ್ಟಿದ ಹಳೆಯ ಅಣೆ. ಅದರ ಮೇಲಿಂದ ನೀರು ಆಳೆತ್ತರದಿಂದ ತೆಳುವಾದ ಪರದೆಯ ಹಾಗೆ ಬೀಳುತ್ತದೆ. ಅಲ್ಲಿಂದ ಮೇಲಕ್ಕೆ ಕನ್ನಂಬಾಡಿ ಕಟ್ಟೆ. 1911ರಲ್ಲಿ ವಿಶ್ವೇಶ್ವರಯ್ಯನವರ ಯೋಜನೆಯಂತೆ ಕೆಲಸ ಶುರುವಾಯಿತು. ಅಡಿಪಾಯ ತೋಡುವಾಗ, ಇದೇ ಜಾಗದಲ್ಲಿ ಕಟ್ಟೆ ಕಟ್ಟಲು 1790ರ ದಶಕದಲ್ಲಿ ಟಿಪ್ಪು ಹಾಕಿಸಿದ್ದ ಪರ್ಷಿಯನ್ ಶಾಸನ ಸಿಕ್ಕಿತು. ಸಂಜೆ ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ಕಾರಂಜಿಯೊಂದಿಗೆ ಎರಡನೆಯ ದಿನ ಮುಗಿಯುತ್ತದೆ.

ನೀರಿಗೆ ಇಳಿಯುವ ಮುನ್ನ

ಸಮುದ್ರದ ದಂಡೆಯ ಅನುಭವ ಹೊಳೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಲಮುರಿಯಲ್ಲೂ ಸಂಗಮದಲ್ಲೂ ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದ ಯುವಕರು, ವಿದ್ಯಾರ್ಥಿಗಳು. ನೀರು ಮೊಣಕಾಲಿನಷ್ಟೇ ಇದೆ ಎಂದು ಇಳಿಯುತ್ತಾರೆ. ಎರಡು ಹೆಜ್ಜೆ ಮುಂದೆ ಮಡು ಇರುತ್ತದೆ. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ:

ಒಂದು, ಬಂಡೆಗಳ ಮೇಲೆ ಪಾಚಿ. ಕಾಲು ಜಾರಿದರೆ ತಲೆ ಬಂಡೆಗೇ ಬಡಿಯುತ್ತದೆ.

ಎರಡು, ನದಿಯ ತಳದಲ್ಲಿ ಹಳೆಯ ಮಡುಗಳೂ ಮರಳು ತೆಗೆದ ಗುಂಡಿಗಳೂ ಇವೆ. ಮೇಲಿನಿಂದ ಯಾವುದೂ ಕಾಣುವುದಿಲ್ಲ.

ಮೂರು, ಮೇಲೆ ಕಟ್ಟೆ ಇದೆ. ಇಲ್ಲಿ ಬಿಸಿಲಿದ್ದರೂ ಕೊಡಗಿನಲ್ಲಿ ಮಳೆಯಾದರೆ ನೀರು ಬಿಡುತ್ತಾರೆ. 2019 ಮತ್ತು 2024ರಲ್ಲಿ ಲಕ್ಷ ಕ್ಯೂಸೆಕ್ ಮೀರಿ ಬಿಟ್ಟಾಗ ದಂಡೆಯ ಮೆಟ್ಟಿಲು, ಮಂಟಪಗಳೆಲ್ಲ ಮುಳುಗಿದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಕೆಆರ್‌ಎಸ್ ಹೊರಹರಿವು ಎಷ್ಟೆಂದು ಪತ್ರಿಕೆಯಲ್ಲಿ ನೋಡಿ.

ನಾಲ್ಕು, ಈ ಹೊಳೆಯಲ್ಲಿ ಮೊಸಳೆಗಳಿವೆ. ಅವು ಪಕ್ಷಿಧಾಮದ ಗಡಿಯೊಳಗೇ ಇರುತ್ತವೆ ಎಂದು ನಂಬಬೇಡಿ.

ಆದ್ದರಿಂದ ಸ್ನಾನ ಮಾಡುವುದಾದರೆ ಮೆಟ್ಟಿಲು, ಸರಪಳಿ ಇರುವ ಘಟ್ಟದಲ್ಲಿ, ಊರಿನವರು ಮುಳುಗು ಹಾಕುವ ಜಾಗದಲ್ಲೇ ಮಾಡಿ. ಅಣೆಯ ಮೇಲೆ ನಡೆಯಬೇಡಿ, ಬೀಳುವ ನೀರಿನ ಬುಡಕ್ಕೆ ಹೋಗಬೇಡಿ. ಮಕ್ಕಳ ಕೈ ಬಿಡಬೇಡಿ. ಕುಡಿದವರನ್ನು ನೀರಿಗೆ ಬಿಡಬೇಡಿ. ಹರಿಗೋಲು ಹತ್ತುವಾಗ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಅಂಬಿಗ ಬೇಡ ಎಂದ ದಿನ ಒತ್ತಾಯ ಮಾಡಬೇಡಿ. ಹೊಳೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಉಳಿಯುವುದು, ಉಣ್ಣುವುದು

ಪಟ್ಟಣದಲ್ಲಿ ಸಾಧಾರಣ ವಸತಿಗೃಹಗಳೂ ಹೊಳೆದಂಡೆಯ ರೆಸಾರ್ಟುಗಳೂ ಇವೆ. ಬೇಡವೆನ್ನುವವರು ಮೈಸೂರಿನಲ್ಲಿ ತಂಗಬಹುದು. ಒಂದು ರಾತ್ರಿಯಾದರೂ ದ್ವೀಪದಲ್ಲೇ ಉಳಿದರೆ ಬೆಳಗಿನ ಜಾವದ ಪಟ್ಟಣ ನಿಮ್ಮದಾಗುತ್ತದೆ. ಆಗ ಬಸ್ಸುಗಳ ಗದ್ದಲ ಇರುವುದಿಲ್ಲ, ಗೋಡೆಯ ಮೇಲೆ ಎಳೆಬಿಸಿಲು ಇರುತ್ತದೆ. ಕೋಟೆಯೊಳಗಿನ ಸುತ್ತಾಟವನ್ನು ನಡೆದೇ ಮಾಡಿ. ಗಂಜಾಂ, ಸಂಗಮಕ್ಕೆ ಆಟೊ ಸಾಕು; ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಎರಡನೆಯ ದಿನಕ್ಕೆ ಸ್ವಂತ ವಾಹನ ಅಥವಾ ಇಡೀ ದಿನದ ಆಟೊ ಅನುಕೂಲ.

ಊಟಕ್ಕೆ ಈ ಸೀಮೆಯದನ್ನೇ ಕೇಳಿ. ಮುದ್ದೆ, ಬಸ್ಸಾರು, ಹುರುಳಿಕಾಳಿನ ಸಾರು. ಮಾಂಸ ತಿನ್ನುವವರಿಗೆ ನಾಟಿಕೋಳಿ, ಹೊಳೆಮೀನು. ದಾರಿಯಲ್ಲಿ ಕಬ್ಬಿನ ಹಾಲು, ಎಳನೀರು ಬೇಕಾದಷ್ಟು. ಕುಡಿಯುವ ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಖಾಲಿಯಾದರೆ ಮತ್ತೆ ತುಂಬಿಸಿಕೊಳ್ಳಿ.

ದ್ವೀಪಕ್ಕೆ ನಾವು ಕೊಡಬೇಕಾದ್ದು

ಪಶ್ಚಿಮವಾಹಿನಿ ಮತ್ತು ಸಂಗಮದಲ್ಲಿ ಹೊಳೆಗೆ ದೊಡ್ಡ ಪೆಟ್ಟು ಬೀಳುತ್ತಿರುವುದು ಭಕ್ತಿಯ ಹೆಸರಿನಲ್ಲೇ. ಕರ್ಮ ಮುಗಿಸಿದವರು ಉಟ್ಟ ಬಟ್ಟೆಯನ್ನು ನೀರಿಗೆ ಬಿಡುತ್ತಾರೆ. ದೇವರ ಪಟ, ಹೂವಿನ ಹಾರ, ಪ್ಲಾಸ್ಟಿಕ್ ಚೀಲ ಎಲ್ಲವೂ ಜೊತೆಗೆ ಹೋಗುತ್ತವೆ. ಅವು ಬಂಡೆಗಳ ಸಂದಿನಲ್ಲಿ ಸಿಕ್ಕಿ ಕೊಳೆಯುತ್ತವೆ, ಮೀನಿನ, ಹಕ್ಕಿಯ ಹೊಟ್ಟೆ ಸೇರುತ್ತವೆ. ಅಸ್ಥಿ ಬಿಡಲು ನದಿ ಬೇಕು. ನೈಲಾನ್ ಸೀರೆ ಬಿಡಬೇಕೆಂದು ಯಾವ ಶಾಸ್ತ್ರವೂ ಕೇಳುವುದಿಲ್ಲ. ಬಟ್ಟೆಯನ್ನು ದಂಡೆಯ ತೊಟ್ಟಿಗೆ ಹಾಕಿ ಅಥವಾ ಮನೆಗೆ ಒಯ್ಯಿರಿ. ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿ ಹೊರಡುವುದು ಒಳ್ಳೆಯದು, ಏಕೆಂದರೆ ಘಟ್ಟದಲ್ಲಿ ನಿಂತು ವಾದ ಮಾಡುವ ಸಮಯ ಅದಲ್ಲ.

ಕೋಟೆಯ ಗೋಡೆಗಳ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ತಡೆಯಿರಿ. ಗೋಡೆಗೆ ಆತುಕೊಂಡ ಮನೆಗಳಿವೆ. ಅಂಗಳದಲ್ಲಿ ಕೂತವರ ಫೋಟೊ ಕೇಳದೆ ತೆಗೆಯಬೇಡಿ. ಅಂಗಡಿಯವರಿಂದ ಏನಾದರೂ ಕೊಳ್ಳಿ, ಸ್ಥಳೀಯ ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಳ್ಳಿ. ಸ್ಮಾರಕದಿಂದ ತಮಗೂ ಅನ್ನ ಹುಟ್ಟುತ್ತದೆ ಎಂದು ಊರಿನವರಿಗೆ ಅನ್ನಿಸಿದರೆ ಅದನ್ನು ಕಾಯುವವರು ಅವರೇ ಆಗುತ್ತಾರೆ.

ಸಾವಿರ ವರ್ಷಗಳಿಂದ ಗಂಗರು, ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರ್ ಮತ್ತು ಟಿಪ್ಪು, ಬ್ರಿಟಿಷರು ಎಲ್ಲರೂ ಈ ಐದು ಕಿಲೋಮೀಟರ್ ನೆಲಕ್ಕಾಗಿ ಬಂದರು. ಎಲ್ಲರನ್ನೂ ಇಲ್ಲಿಗೆ ಎಳೆದದ್ದು ಕಾವೇರಿ. ಈ ವರ್ಷದ ಒಂದು ಶನಿವಾರ, ಭಾನುವಾರವನ್ನು ಪಟ್ಟಣಕ್ಕೆ ಮೀಸಲಿಡಿ. ಮಕ್ಕಳನ್ನು ಕರೆದುಕೊಂಡು ಬನ್ನಿ, ಪಶ್ಚಿಮದ ತುದಿಯಿಂದ ಸಂಗಮದವರೆಗೆ ಅವರ ಜೊತೆ ಓಡಾಡಿ. ಪಠ್ಯಪುಸ್ತಕದಲ್ಲಿ ಇಸವಿಗಳ ಪಟ್ಟಿಯಾಗಿ ಓದಿದ ಚರಿತ್ರೆ ಒಂದು ನದಿಯ ಸುತ್ತ ಹೇಗೆ ಹೆಣೆದುಕೊಂಡಿದೆ ಎಂಬುದು ಅವರಿಗೆ ಕಾಲಿನಿಂದಲೇ ತಿಳಿಯುತ್ತದೆ.